ನೂರಕ್ಕೆ ತೊಂಬತ್ತೊಂದು ಅಕ್ಕ

ಮಾರ್ಚ್ 3, ಮಂಗಳವಾರ

ಇವತ್ತಿನಿಂದ ನಾನು ಯಾರನ್ನೂ ಬೈಯುವುದಿಲ್ಲ. ಬಾಯಿಂದ ಬೈಯುವುದಿಲ್ಲ ಎಂದಷ್ಟೇ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಕೊಳೆಯುತ್ತದೆ, ಅದಕ್ಕೇ ಈ ಪುಸ್ತಕ ತಂದಿದ್ದೇನೆ. ಬೈಯಬೇಕಾದವರನ್ನೆಲ್ಲ ಇದರಲ್ಲಿ ಬೈಯುತ್ತೇನೆ. ಇದನ್ನು ಕದ್ದು ಓದುವವರು ಯಾರಾದರೂ ಇದ್ದರೆ ಮೊದಲು ಅವರಿಗೇ: ಇನ್ನೊಬ್ಬರ ಪುಸ್ತಕಕ್ಕೆ ಮೂಗು ತೂರಿಸಲು ನಾಚಿಕೆಯಾಗುವುದಿಲ್ಲವೇ?

ಕಾರಣವನ್ನೂ ಬರೆದುಬಿಡುತ್ತೇನೆ. ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರು. ಜನವರಿಯಲ್ಲಿ ಅವನ ಅಸ್ಥಿಮಜ್ಜೆಯನ್ನೆಲ್ಲ ಔಷಧಿಯಿಂದ ಸುಟ್ಟು, ಖಾಲಿಯಾದ ಜಾಗದಲ್ಲಿ ನನ್ನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ಬಿತ್ತಿದರು. ಫೆಬ್ರವರಿಯಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, ಅವನ ರಕ್ತದಲ್ಲಿ ಈಗ ಇರುವುದೆಲ್ಲ ಅಕ್ಕನ ಜೀವಕೋಶಗಳೇ, ನೂರಕ್ಕೆ ನೂರು ಎಂದರು. ಹುಟ್ಟಿದಾಗಿನಿಂದ ಯಾವುದರಲ್ಲೂ ನೂರಕ್ಕೆ ನೂರು ತೆಗೆದವಳಲ್ಲ ನಾನು. ಡ್ರೈವಿಂಗ್ ಸ್ಕೂಲಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಇವತ್ತು ಎರಡನೆಯ ಪರೀಕ್ಷೆಯ ಫಲಿತಾಂಶ ಬಂತು. ತೊಂಬತ್ತೊಂದು. ಉಳಿದ ಒಂಬತ್ತು ಅವನ ಹಳೆಯ ಕೋಶಗಳು. ಎಲ್ಲೋ ಅಡಗಿ ಕೂತಿದ್ದವು, ಈಗ ತಲೆ ಎತ್ತಿವೆ. ಕ್ಯಾನ್ಸರ್ ಇನ್ನೂ ಕಂಡಿಲ್ಲ, ಆದರೆ ಅದು ಮರಳಿ ಬರುವುದಿದ್ದರೆ ಇದೇ ದಾರಿಯಲ್ಲಿ ಬರುತ್ತದೆ ಎಂದರು ದೊಡ್ಡ ಡಾಕ್ಟರು.

ತಮ್ಮ ಮಾಸ್ಕಿನ ಹಿಂದಿನಿಂದಲೇ ನಕ್ಕ. "ನಿನ್ನ ಸೆಲ್ಲುಗಳು ಯಾರ ಜೊತೆಗೋ ಜಗಳ ಮಾಡ್ಕೊಂಡು ಮನೆ ಬಿಟ್ಟು ಹೋಗ್ತಿವೆ ಅನ್ಸುತ್ತೆ, ಅಕ್ಕ."

ಅವನು ಹೇಳಿದ್ದು ತಮಾಷೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಈ ಪರೀಕ್ಷೆಗೆ ಅವನ ರಕ್ತ ತೆಗೆಯುತ್ತಿದ್ದ ಹೊತ್ತಿನಲ್ಲೇ ನಾನು ಕೆಳಗೆ ಪಾರ್ಕಿಂಗಿನಲ್ಲಿ ಒಬ್ಬ ಬಿಳಿ ಕಾರಿನವನ ಜೊತೆ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದೆ. ಎರಡು ಕಾರಿನ ಜಾಗಕ್ಕೆ ಅಡ್ಡವಾಗಿ ತನ್ನದೊಂದನ್ನು ನಿಲ್ಲಿಸಿದ್ದ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕಾರು ನಿಲ್ಲಿಸುವುದನ್ನು ಕಲಿಸುತ್ತಿರುವ ನಾನು ಅದನ್ನು ಹೇಗೆ ಸಹಿಸಲಿ? ಸಹಿಸಬೇಕಿತ್ತು. ಮೇಲಿನ ಮಹಡಿಯಲ್ಲಿ ತಮ್ಮನ ಮೈಯಲ್ಲಿ ಇರುವುದು ನನ್ನದೇ ರಕ್ತ. ನಾನು ಇಲ್ಲಿ ಕುದಿದರೆ ಅದು ಅಲ್ಲಿ ನೆಮ್ಮದಿಯಾಗಿ ಇರುತ್ತದೆಯೇ?

ಆದ್ದರಿಂದ ಈ ಶಪಥ. ಮತ್ತೆ ನೂರು ಆಗುವವರೆಗೆ ಬಾಯಿಗೆ ಬೀಗ.

ಬಿಳಿ ಕಾರಿನವನೇ, ನಿನ್ನ ನಾಲ್ಕೂ ಚಕ್ರ ಒಂದೇ ದಿನ ಪಂಕ್ಚರ್ ಆಗಲಿ.

ಮಾರ್ಚ್ 5, ಗುರುವಾರ

ಎರಡನೆಯ ದಿನವೇ ಟೈಲರಮ್ಮ.

ನಮ್ಮ ಸ್ಕೂಲಿನ ಎದುರು ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವರು ಅವರು. ಐವತ್ತು ದಾಟಿದ ಮೇಲೆ ಕಾರು ಕಲಿಯುವ ಮನಸ್ಸು ಮಾಡಿದ್ದಾರೆ. ರಸ್ತೆಯಲ್ಲಿ ಎಲೆ ಉದುರಿದರೂ ಬ್ರೇಕ್ ತುಳಿಯುತ್ತಾರೆ. ಕ್ಲಚ್ಚನ್ನು ಹೊಲಿಗೆ ಯಂತ್ರದ ಪೆಡಲ್ ಎಂದುಕೊಂಡು ಒಂದೇ ಸಮನೆ ಒತ್ತುತ್ತಾರೆ. ಇವತ್ತು ದೊಡ್ಡ ವೃತ್ತದ ನಟ್ಟನಡುವೆ ಕಾರು ಆಫ್ ಆಯಿತು. ಶುರು ಮಾಡಿದರು, ಮತ್ತೆ ಆಫ್. ಹಿಂದೆ ಲಾರಿಯವನು ಹಾರನ್ ಮೇಲೆ ಮಲಗಿಬಿಟ್ಟಿದ್ದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಹೇಳಿದೆ, "ಪರವಾಗಿಲ್ಲ. ಫಸ್ಟ್ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ."

ಟೈಲರಮ್ಮ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಯಾಕೆ ಮೇಡಂ, ಮೈಯಲ್ಲಿ ಹುಷಾರಿಲ್ವಾ?"

ಟೈಲರಮ್ಮ, ನಿಮ್ಮ ತಲೆಯಲ್ಲಿ ಇರುವುದು ಮಿದುಳೋ ಬಟ್ಟೆ ಚೂರೋ? ಇಪ್ಪತ್ತು ವರ್ಷದಲ್ಲಿ ನಿಮ್ಮಂಥವರನ್ನು ಕಂಡಿಲ್ಲ. ಆ ವೃತ್ತದಲ್ಲಿ ನಿಮಗೊಂದು ಪ್ರತಿಮೆ ನಿಲ್ಲಿಸಬೇಕು, ಹೇಗೂ ಅಲ್ಲಿಂದ ಅಲ್ಲಾಡುವುದಿಲ್ಲವಲ್ಲ.

ಅಬ್ಬ, ಹಗುರಾಯಿತು.

ಮಾರ್ಚ್ 10, ಮಂಗಳವಾರ

ತೊಂಬತ್ತೊಂದನ್ನು ನಾನು ಒಪ್ಪಿರಲಿಲ್ಲ. ಯಂತ್ರ ತಪ್ಪು ಮಾಡಿರಬಹುದು ಎಂದು ದೊಡ್ಡ ಡಾಕ್ಟರ ಹತ್ತಿರ ಹಟ ಹಿಡಿದೆ. (ಬೈಯಲಿಲ್ಲ, ಹಟ ಬೇರೆ.) ಅವರು ನಕ್ಕು, "ನಾವೂ ಒಂದೇ ಸಲಕ್ಕೆ ನಂಬಲ್ಲ, ಹೊಸ ರಕ್ತದಲ್ಲಿ ಇನ್ನೊಂದು ಸಲ ನೋಡಿದ್ದಾರೆ, ಹೋಗಿ ಕೇಳಿ" ಎಂದು ಲ್ಯಾಬಿಗೆ ಕಳಿಸಿದರು. ತಮ್ಮ ಮೆಟ್ಟಿಲು ಹತ್ತಲಾರ. ಲಿಫ್ಟಿನಲ್ಲಿ ಹೋಗಿ, ಅಲ್ಲಿಂದ ಆರೇಳು ಹೆಜ್ಜೆ ನಡೆದು ಗೋಡೆ ಹಿಡಿದು ನಿಂತ.

ಲ್ಯಾಬಿನ ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬಳು ಕೂತಿದ್ದಳು. ಎಷ್ಟು ಪಾಲು ಅಕ್ಕ ಎಷ್ಟು ಪಾಲು ತಮ್ಮ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ನಾನು ಅವಳಿಗೆ ಶೇಕಡಾ ಮೇಡಂ ಎಂದು ಹೆಸರಿಟ್ಟೆ. ಎದುರಿಗೇ ಕರೆದೆ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಪರದೆಯ ಮೇಲೆ ತೋರಿಸಿದಳು. ನಮ್ಮ ಡಿಎನ್‌ಎಯಲ್ಲಿ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದಂತೆ. ಒಬ್ಬರಲ್ಲಿ ಒಂಬತ್ತು ಸಲ, ಇನ್ನೊಬ್ಬರಲ್ಲಿ ಹದಿನಾಲ್ಕು ಸಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಮಜ್ಜೆ ಹೊಂದಿಕೊಂಡರೂ ಈ ಲೆಕ್ಕ ಮಾತ್ರ ಅಕ್ಕನದು ಅಕ್ಕನಿಗೆ, ತಮ್ಮನದು ತಮ್ಮನಿಗೆ. ರಕ್ತವನ್ನು ಯಂತ್ರಕ್ಕೆ ಹಾಕಿದಾಗ ಗೆರೆ ಅಲ್ಲಲ್ಲಿ ಗುಡ್ಡವಾಗಿ ಏಳುತ್ತದೆ. ಕಸಿ ಮಾಡುವ ಮೊದಲೇ ನಮ್ಮಿಬ್ಬರ ರಕ್ತ ತೆಗೆದಿಟ್ಟು ಯಾರ ಗುಡ್ಡ ಎಲ್ಲಿ ಎಂದು ಗುರುತು ಮಾಡಿಕೊಂಡಿದ್ದಾರೆ. ಫೆಬ್ರವರಿಯಲ್ಲಿ ಅವನ ಜಾಗ ಬಯಲಾಗಿತ್ತು. ಈಗ ಅಲ್ಲೊಂದು ಸಣ್ಣ ದಿಬ್ಬ.

"ಎರಡನೇ ಸಲ ತೊಂಬತ್ತು ಬಂದಿದೆ" ಎಂದಳು. "ತೊಂಬತ್ತು, ತೊಂಬತ್ತೊಂದು ಎರಡೂ ಒಂದೇ ಅಂತ ಇಟ್ಕೊಳ್ಳಿ. ಆದ್ರೆ ಕಡಿಮೆ ಆಗಿರೋದಂತೂ ನಿಜ."

ಗಂಡೋ ಹೆಣ್ಣೋ ಎಂದು ತೋರಿಸುವ ಜಾಗವೂ ಅದರಲ್ಲಿದೆ. ಫೆಬ್ರವರಿಯಲ್ಲಿ ತಮ್ಮನ ರಕ್ತ ಪೂರ್ತಿ ಹೆಣ್ಣಾಗಿತ್ತಂತೆ. ತಮ್ಮ ಕನ್ನಡಕ ಮೇಲೇರಿಸಿ ನೋಡಿ, "ಅದಕ್ಕೇ ಆ ತಿಂಗಳು ನನ್ನ ಹೆಂಡತಿ ಹೇಳಿದ್ದೆಲ್ಲ ಅರ್ಥ ಆಗ್ತಿತ್ತು" ಎಂದ. ಅವನು ಕನ್ನಡಕದ ಅಂಗಡಿ ನಡೆಸುವವನು. ಜನ್ಮದಲ್ಲಿ ಒಬ್ಬರ ಮೇಲೆ ದನಿ ಏರಿಸಿದವನಲ್ಲ, ನಮ್ಮ ಮನೆಯ ಕೋಪವೆಲ್ಲ ನನ್ನ ಪಾಲಿಗೇ ಬಂದಿತ್ತು.

ಅವನು ಹೊರಗೆ ಹೋದ ಮೇಲೆ ಕೇಳಿಯೇಬಿಟ್ಟೆ. "ನಾನು ಕೋಪ ಮಾಡ್ಕೊಂಡ್ರೆ ಅಲ್ಲಿ ಕಡಿಮೆ ಆಗುತ್ತಾ?"

"ಇಲ್ಲ ಮೇಡಂ. ಅವು ನಿಮ್ಮನ್ನ ಬಿಟ್ಟು ಬಂದು ಎರಡು ತಿಂಗಳಾಯ್ತು. ನೀವಿಲ್ಲಿ ಏನು ಮಾಡ್ತಿದ್ದೀರಿ ಅಂತ ಅವಕ್ಕೆ ಗೊತ್ತೇ ಆಗಲ್ಲ."

"ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳಿಗೂ ತವರಿನ ಸುದ್ದಿ ಗೊತ್ತಾಗುತ್ತಲ್ಲ?"

ಅವಳಿಗೆ ನಗು ಬಂತು. ವಿದ್ಯಾವಂತೆ, ಹೇಳುವುದು ಸರಿಯೇ ಇರಬೇಕು. ಆದರೂ ನಾನು ಶಪಥ ಬಿಡುವುದಿಲ್ಲ. ನಷ್ಟವೇನು? ಅಷ್ಟು ಸಣ್ಣ ದಿಬ್ಬವನ್ನು ಹಿಡಿದಳಲ್ಲ, ಅವಳ ಕಣ್ಣು ತಣ್ಣಗಿರಲಿ. ಈ ಪರೀಕ್ಷೆ ಇಲ್ಲದಿದ್ದರೆ ಕ್ಯಾನ್ಸರ್ ಬಂದು ಬಾಗಿಲು ತಟ್ಟಿದ ಮೇಲೆಯೇ ಗೊತ್ತಾಗುತ್ತಿತ್ತಂತೆ.

ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಮಾರ್ಚ್ 20, ಶುಕ್ರವಾರ

ನಮ್ಮ ಮನೆಯವರು ಒದ್ದೆ ಟವೆಲನ್ನು ಮತ್ತೆ ಹಾಸಿಗೆಯ ಮೇಲೆ ಹಾಕಿದ್ದರು. ನಾನು ಎತ್ತಿ ಒಣಗಿಸಿದೆ, ಅಷ್ಟೇ. ಅವರು ಹಿಂದೆಯೇ ಬಂದು ಹಣೆ ಮುಟ್ಟಿ ನೋಡಿದರು. ಸಂಜೆ ತಾವಾಗಿಯೇ ಪಾತ್ರೆ ತೊಳೆದರು. ಹೆದರಿದ್ದಾರೆ, ಪಾಪ.

ಮದುವೆಯಾಗಿ ಇಷ್ಟು ವರ್ಷ ಬೈದರೂ ತೊಳೆಯದ ಪಾತ್ರೆ. ರೀ, ನಿಮ್ಮನ್ನು ಏನೆಂದು ಬೈಯಲಿ? ಬಾಣಲೆ ಮಾತ್ರ ಚೆನ್ನಾಗಿ ಉಜ್ಜಿದ್ದೀರಿ.

ಮಾರ್ಚ್ 27, ಶುಕ್ರವಾರ

ಎಂಬತ್ತನಾಲ್ಕು.

ಏನೂ ಬರೆಯಲು ಆಗುತ್ತಿಲ್ಲ. ಯಾರನ್ನೂ ಬೈದಿಲ್ಲ ನಾನು, ಒಬ್ಬರನ್ನೂ.

ಮಾರ್ಚ್ 29, ಭಾನುವಾರ

ತಮ್ಮನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಅಂಗಡಿಗೆ ಹೋಗಿದ್ದಳು, ಈಗ ಅವಳೇ ಅಂಗಡಿ ನೋಡಿಕೊಳ್ಳುವುದು. ಮಧ್ಯಾಹ್ನದ ಮಾತ್ರೆ ಹಾಗೆಯೇ ಡಬ್ಬಿಯಲ್ಲಿತ್ತು. ಊಟದ ತಟ್ಟೆ ಮುಟ್ಟಿರಲಿಲ್ಲ. ಮೊದಲಿನ ನಾನಾಗಿದ್ದರೆ ಆ ಡಬ್ಬಿಯಿಂದಲೇ ಅವನ ತಲೆಗೆ ಕುಟ್ಟುತ್ತಿದ್ದೆ. ಇವತ್ತು ಪಕ್ಕದಲ್ಲಿ ಕೂತು, "ಸ್ವಲ್ಪ ಊಟ ಮಾಡಪ್ಪ, ಆಮೇಲೆ ಮಾತ್ರೆ ತಗೋ" ಎಂದೆ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಕ್ಕ, ನಾನು ಸಾಯ್ತಿದ್ದೀನಾ?"

ಯಾಕೋ ಹಾಗಂತೀಯ ಎಂದೆ.

"ಡಾಕ್ಟ್ರು ನಗ್ತಾ ಮಾತಾಡಿಸ್ತಾರೆ, ಅದು ಅವರ ಕೆಲಸ. ನನ್ನ ಹೆಂಡತಿ ಮೊದಲಿಂದಲೂ ಮೆತ್ತಗೆ. ಆದ್ರೆ ನೀನು..." ಉಸಿರಿಗಾಗಿ ನಿಂತ. ಈಚೆಗೆ ಒಂದು ಮಾತನ್ನು ಮುಗಿಸಲು ಅವನಿಗೆ ಎರಡು ಸಲ ನಿಲ್ಲಬೇಕು. "ನೀನು ನನ್ನನ್ನ ಬೈದು ಒಂದು ತಿಂಗಳಾಯ್ತು. ಅಪ್ಪನಿಗೂ ಕೊನೇಲಿ ನೀನು ಬೈತಿರಲಿಲ್ಲ. ನನಗೆ ಗೊತ್ತಾಗಲ್ವಾ? ನಿಜ ಹೇಳು, ಏನಂದ್ರು ಅವರು?"

ಹೇಳಿಬಿಟ್ಟೆ, ಶಪಥದ ವಿಷಯ ಎಲ್ಲ. ಬಿಳಿ ಕಾರಿನವನ ಜಗಳವನ್ನೂ ಹೇಳಿದೆ. ಅವನು ನಕ್ಕ. ನಗು ಮುಗಿಸಲೂ ಉಸಿರು ಸಾಲದೆ ಕೆಮ್ಮಿದ. ಆದರೆ ನಂಬಲಿಲ್ಲ, ಅವನ ಕಣ್ಣಿನಲ್ಲಿ ಗೊತ್ತಾಯಿತು.

"ಹಾಗಾದ್ರೆ ಒಂದೇ ಒಂದು ಸಲ ಬೈದು ತೋರಿಸು."

ಪ್ರಯತ್ನಿಸಿದೆ. "ಮುಠ್ಠಾಳ, ಮಾತ್ರೆ ಯಾಕೋ ತಗೊಂಡಿಲ್ಲ?" ಎಂದೆ. ಆರಿಹೋದ ಚಹಾದ ಹಾಗೆ ಬಂತು ದನಿ. ಅರ್ಧಕ್ಕೇ ಕಣ್ಣು ತುಂಬಿತು.

"ಇದು ಬೈಗುಳ ಅಲ್ಲ ಅಕ್ಕ" ಎಂದು ಅವನೇ ತಟ್ಟೆ ಎಳೆದುಕೊಂಡು ನಾಲ್ಕು ತುತ್ತು ತಿಂದ. ಮಾತ್ರೆಯನ್ನೂ ನುಂಗಿದ. ನನ್ನನ್ನು ಸಮಾಧಾನ ಮಾಡಲು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಿದ್ದಳು ಅಮ್ಮ. ನನ್ನ ತಮ್ಮನಿಗೆ ಊಟವೂ ಗೊತ್ತಿತ್ತು, ಮಾತೂ ಗೊತ್ತಿತ್ತು. ಅವನಿಗೇ ಬಂತು. ಆ ಗಾದೆ ಮಾಡಿದವನು ನನ್ನ ಕೈಗೆ ಸಿಗಬೇಕು.

ಏಪ್ರಿಲ್ 2, ಗುರುವಾರ

ದೊಡ್ಡ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಮಾತಾಡಿದರು. ನಾನು, ತಮ್ಮ, ಅವನ ಹೆಂಡತಿ.

ಅವರು ಹೇಳಿದ್ದನ್ನು ನೆನಪಿದ್ದ ಹಾಗೆ ಬರೆಯುತ್ತೇನೆ. ನನ್ನ ಜೀವಕೋಶಗಳಿಗೆ ಅವನ ಮೈ ಪರಸ್ಥಳ. ಅವು ಅವನ ಚರ್ಮ, ಹೊಟ್ಟೆ, ಯಕೃತ್ತಿನ ಮೇಲೆಲ್ಲ ತಿರುಗಿಬೀಳದಿರಲಿ ಎಂದು ಇಷ್ಟು ದಿನ ಮಾತ್ರೆ ಕೊಟ್ಟು ಸುಮ್ಮನಿರಿಸಿದ್ದರಂತೆ.

"ಸ್ವಲ್ಪ ಜಾಸ್ತಿನೇ ಸುಮ್ಮನಾಗಿಬಿಟ್ಟಿವೆ" ಎಂದರು. "ಹಳೇ ಸೆಲ್‌ಗಳು ತಲೆ ಎತ್ತಿದ್ರೂ ಹೋಗ್ಲಿ ಬಿಡು ಅಂತ ಕೂತಿವೆ. ಮಾತ್ರೆ ಕಡಿಮೆ ಮಾಡಿದ್ವಿ, ಸಾಲಲಿಲ್ಲ. ಈಗ ನಮಗೆ ಜಗಳಗಂಟಿ ಸೆಲ್‌ಗಳು ಬೇಕು. ಹಳೇದನ್ನ ಕಂಡ ಕೂಡಲೇ ಹೊಡೆದು ಓಡಿಸೋವಂಥವು. ಅವನ್ನ ನಿಮ್ಮ ಅಕ್ಕನ ರಕ್ತದಿಂದಲೇ ತೆಗೀಬೇಕು."

ತಮ್ಮ ಮೆಲ್ಲಗೆ, "ಡಾಕ್ಟ್ರೇ, ನೀವು ಸರಿಯಾದ ಅಂಗಡಿಗೇ ಬಂದಿದ್ದೀರಿ" ಎಂದ. ಅವನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎಷ್ಟೋ ದಿನದ ಮೇಲೆ ಆ ಹುಡುಗಿ ನಕ್ಕದ್ದು.

ಅಪಾಯವನ್ನೂ ಹೇಳಿದರು. ಜಗಳ ಅತಿಯಾದರೆ ಹಳೆಯದು ಹೊಸದು ಎಂದು ನೋಡದೆ ಅವನ ಮೈಯನ್ನೇ ಹಿಡಿದು ಹರಿಯಬಹುದು. ಅದರಿಂದಲೂ ಜೀವ ಹೋಗಬಹುದು. ಹಾಗಾಗಿ ಮೊದಲು ಸ್ವಲ್ಪವೇ ಕೊಟ್ಟು ನೋಡುತ್ತಾರಂತೆ. ತಮ್ಮ ಕೂಡಲೇ ಒಪ್ಪಿದ. ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ, ನಾನು ರವಿಕೆಯ ತೋಳು ಮೇಲೇರಿಸಿ ಆಗಿತ್ತು.

ಹಾಗಾದರೆ ಒಂದು ತಿಂಗಳು ಬಾಯಿ ಕಟ್ಟಿಕೊಂಡು ನಾನು ಮಾಡಿದ್ದೇನು? ಬೇಕಿದ್ದದ್ದೇ ಜಗಳ! ಹೊರಗೆ ಬರುವಾಗ ಶಪಥ ಬಿಟ್ಟೆ ಎಂದುಕೊಂಡೆ. ಪಾರ್ಕಿಂಗಿನಲ್ಲಿ ಅದೇ ಬಿಳಿ ಕಾರು, ಹಾಗೆಯೇ ಅಡ್ಡವಾಗಿ. ಒಳ್ಳೆಯ ಮುಹೂರ್ತ ಎಂದು ಹತ್ತಿರ ಹೋದೆ. ಅವನು ಹಿಂದಿನ ಬಾಗಿಲು ಪೂರ್ತಿ ತೆಗೆದು, ಒಬ್ಬ ಮುದುಕಿಯನ್ನು ಗಾಲಿಕುರ್ಚಿಯಿಂದ ಎತ್ತಿ ಒಳಗೆ ಕೂರಿಸುತ್ತಿದ್ದ. ಪಕ್ಕದ ಜಾಗ ಖಾಲಿ ಬಿಡದಿದ್ದರೆ ಬಾಗಿಲು ಅಷ್ಟು ತೆರೆಯುವುದಿಲ್ಲ. ನಾನು ಗಾಲಿಕುರ್ಚಿ ಹಿಡಿದುಕೊಂಡೆ. ಅವನು ನನ್ನ ಗುರುತು ಹಿಡಿದ ಹಾಗಿತ್ತು.

ಅವನನ್ನು ಬೈಯುವುದು ನಾಳೆಗಿರಲಿ.

ಏಪ್ರಿಲ್ 14, ಮಂಗಳವಾರ

ಇವತ್ತು ಕೊಟ್ಟೆ. ಎರಡೂ ತೋಳಿಗೆ ಸೂಜಿ. ಒಂದು ಕಡೆಯಿಂದ ರಕ್ತ ಹೋಗಿ ಯಂತ್ರದಲ್ಲಿ ಸುತ್ತಿ, ಬೇಕಾದದ್ದನ್ನು ಅಲ್ಲಿ ಬಿಟ್ಟು ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ. ಮೂಗು ತುರಿಸಿದರೂ ಕೈ ಎತ್ತುವ ಹಾಗಿಲ್ಲ. ಅಲ್ಲಿದ್ದ ನರ್ಸ್ ಮೂರು ಸಲ ನನ್ನ ಮೂಗು ತುರಿಸಿದಳು. ಸ್ವಂತ ಮಗಳೂ ಬೇಸರವಿಲ್ಲದೆ ಮಾಡುವ ಕೆಲಸವಲ್ಲ ಅದು. ಅವಳ ಹೊಟ್ಟೆ ತಣ್ಣಗಿರಲಿ.

ರಕ್ತದೊತ್ತಡ ನೋಡಿ ಅವಳಿಗೆ ಆಶ್ಚರ್ಯ. ಜನವರಿಯಲ್ಲಿ ನನ್ನ ಒತ್ತಡ ಜಾಸ್ತಿಯಿತ್ತು ಎಂದು ಎರಡು ದಿನ ಕಾಯಿಸಿದ್ದರು. ಇವತ್ತು ಹುಡುಗಿಯರ ಹಾಗಿದೆಯಂತೆ. "ಏನು ಮಾಡಿದ್ರಿ?" ಎಂದಳು. ಯಂತ್ರ ಕೆಟ್ಟಿರಬೇಕು, ಇನ್ನೊಂದರಲ್ಲಿ ನೋಡು ಎಂದೆ. ಅದರಲ್ಲೂ ಅಷ್ಟೇ ಬಂತು.

ಸಂಜೆ ಅವನಿಗೆ ಹಾಕಿದರು. ಅಂಗೈಯಗಲದ ಚೀಲ, ಒಳಗೆ ತಿಳಿ ಗುಲಾಬಿ ನೀರು. ಇಷ್ಟೇನಾ ಎನಿಸಿತು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದೇಹೋಯಿತು. ನಾನು ಗಾಜಿನ ಹೊರಗೆ ನಿಂತು ಒಳಗೊಳಗೇ ಹೇಳಿಕೊಟ್ಟೆ: ಹೋಗಿ, ಹೊಡೆದಾಡಿ, ಹಳಬರನ್ನು ಒಬ್ಬರನ್ನೂ ಬಿಡಬೇಡಿ. ಆದರೆ ನನ್ನ ತಮ್ಮನ ಮೈ ಮುಟ್ಟಿದರೆ ಹುಷಾರ್.

ಏಪ್ರಿಲ್ 30, ಗುರುವಾರ

ಎಂಬತ್ತೈದು. ಏರಿದೆ ಎನ್ನುವ ಹಾಗೂ ಇಲ್ಲ, ಇಳಿದಿಲ್ಲ ಎನ್ನಬಹುದು. ಅವು ಕೆಲಸ ಶುರು ಮಾಡಲು ಆರೆಂಟು ವಾರ ಬೇಕು ಎಂದಳು ಶೇಕಡಾ ಮೇಡಂ. ತಾನೇ ಕೆಳಗಿಳಿದು ಬಂದು ಹೇಳಿದಳು, ತಮ್ಮ ಲ್ಯಾಬಿನವರೆಗೆ ಬರುವುದು ಬೇಡ ಎಂದು. ಊಟದ ಹೊತ್ತು ಬಿಟ್ಟು ಬಂದಿದ್ದಳು.

ಸ್ಕೂಲಿನ ಓನರ್ ಇವತ್ತು, "ಹೊಸಬರೆಲ್ಲ ನಿಮ್ಮ ಹತ್ರನೇ ಕಲೀಬೇಕು ಅಂತ ಕೇಳ್ತಿದ್ದಾರೆ, ಏನಿದು?" ಎಂದರು. ಏನೂ ಇಲ್ಲ, ಈಚೆಗೆ ಕಲಿಯಲು ಬರುವವರು ಸ್ವಲ್ಪ ಬುದ್ಧಿವಂತರು. ಮೊದಲಿನವರ ಹಾಗಲ್ಲ. ಟೈಲರಮ್ಮ ಕೂಡ ಏರಿನಲ್ಲಿ ಕಾರು ಹಿಂದಕ್ಕೆ ಜಾರಿಸದೆ ಎತ್ತುತ್ತಾರೆ. ನನಗೆ ಒಂದು ರವಿಕೆ ಹೊಲಿದು ಕೊಟ್ಟಿದ್ದಾರೆ, ಅಳತೆ ತೆಗೆದುಕೊಳ್ಳದೆ. ಪಕ್ಕದಲ್ಲಿ ಕೂತು ಕೂತು ಗೊತ್ತಾಯಿತಂತೆ. ಎಷ್ಟು ಸರಿಯಾಗಿ ಕೂತಿದೆ ಎಂದರೆ, ಬೈಯಲು ಒಂದು ಹೊಲಿಗೆಯೂ ಸಿಗಲಿಲ್ಲ.

ಈ ಪುಸ್ತಕ ತಂದದ್ದೇ ದಂಡ.

ಮೇ 12, ಮಂಗಳವಾರ

ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು. "ಅತ್ತಿಗೆ, ಅವರ ಅಂಗೈಯೆಲ್ಲ ಕೆಂಪಾಗಿದೆ. ಎದೆ ಮೇಲೂ."

ಡಾಕ್ಟರು ಹೇಳಿದ್ದು ಇದನ್ನೇ. ನನ್ನವು ಅವನ ಮೈ ಹಿಡಿದಿವೆ. ಪಾಠ ನಿಲ್ಲಿಸಿ ಓಡಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಬಾಯಿ ಬಿಟ್ಟು, ಜೋರಾಗಿ. ಪಕ್ಕದ ಕಾರಿನವರು ನೋಡುತ್ತಿದ್ದರು. ನಿನ್ನಂಥವಳ ರಕ್ತದಿಂದ ಇನ್ನೇನು ಬರುತ್ತದೆ? ಉಪಕಾರ ಮಾಡಲು ಹೋಗಿಯೂ ಪರಚುವ ಜಾತಿ ನಿನ್ನದು.

ದೊಡ್ಡ ಡಾಕ್ಟರು ಅವನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊಟ್ಟೆಯ ವಿಷಯ ಕೇಳಿದರು, ಕಣ್ಣಿನ ಬಿಳಿ ನೋಡಿದರು, ಯಕೃತ್ತಿನ ಪರೀಕ್ಷೆಗೆ ರಕ್ತ ಕಳಿಸಿ, ಫಲಿತಾಂಶ ಬರುವವರೆಗೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಬಂದು, "ಚರ್ಮದ ಮೇಲೆ ಮಾತ್ರ. ಹಚ್ಚೋಕೆ ಮುಲಾಮು ಕೊಡ್ತೀನಿ. ಇಷ್ಟು ಜಗಳ ಇದ್ರೆ ನನಗೆ ಸಂತೋಷವೇ, ಅವು ಎದ್ದಿವೆ ಅಂತ ಅರ್ಥ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳದೆ ನಿಂತಿದ್ದರು, ಇನ್ನೂ ಎಷ್ಟೋ ಜನ ಕಾಯುತ್ತಿದ್ದರೂ.

ತಮ್ಮ ಕೆಂಪಗಿನ ಅಂಗೈ ನೋಡಿಕೊಂಡು, "ಚಿಕ್ಕೋನಿದ್ದಾಗ ನೀನು ಗಿಲ್ಲಿದ್ರೆ ಹೀಗೇ ಆಗ್ತಿತ್ತು" ಎಂದ.

ಮೇ 29, ಶುಕ್ರವಾರ

ತೊಂಬತ್ತಾರು.

ಅವನ ದಿಬ್ಬ ಇರುವೆಯಷ್ಟಾಗಿದೆ. ಶೇಕಡಾ ಮೇಡಂ ಪರದೆಗೆ ಬೆರಳಿಟ್ಟು ತೋರಿಸಿದರೂ ನನಗೆ ಕಾಣಲಿಲ್ಲ. ನನಗೆ ಕಾಣದ್ದು ಅವಳಿಗೆ ಕಾಣುತ್ತಿದೆ, ಅಷ್ಟು ಸಾಕು. ತಮ್ಮ ಅವಳ ಕನ್ನಡಕ ಬಿಚ್ಚಿಸಿ ನೋಡಿ, ಕಡ್ಡಿ ಸಡಿಲವಾಗಿದೆ ಎಂದು ಅಲ್ಲೇ ತಿರುಪು ಬಿಗಿ ಮಾಡಿಕೊಟ್ಟ. ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡು ಬಂದಿದ್ದ. ಇಷ್ಟು ತಿಂಗಳಲ್ಲಿ ಮೊದಲ ಸಲ.

ಕುಣಿಯಬೇಡಿ, ಇನ್ನೊಂದು ಸಲ ನೋಡೋಣ ಎಂದರು ಡಾಕ್ಟರು. ನಾನು ಕುಣಿಯಲಿಲ್ಲ. ಆ ನರ್ಸಿಗೆ, ಲಿಫ್ಟಿನವನಿಗೆ, ಗೇಟಿನ ಕಾವಲಿನವನಿಗೆ, ಕ್ಯಾಂಟೀನಿನಲ್ಲಿ ಚಹಾ ಕೊಟ್ಟವಳಿಗೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಂದೆ. ಲಿಫ್ಟಿನವನು ಯಾಕೆ ಎಂದು ಕೇಳಿದ. ಮೇಲೆ ಹತ್ತಿಸಿದ್ದಕ್ಕೆ ಎಂದೆ.

ಜೂನ್ 16, ಮಂಗಳವಾರ

ಫಲಿತಾಂಶ ನಾಳೆ ಎಂದಿದ್ದರು. ನಾನು ಟೈಲರಮ್ಮನ ಜೊತೆ ಪಾಠದಲ್ಲಿದ್ದೆ, ಅವರ ಲೈಸೆನ್ಸ್ ಪರೀಕ್ಷೆ ಮುಂದಿನ ವಾರ. ಮಾರುಕಟ್ಟೆಯ ರಸ್ತೆಯಲ್ಲಿ ಇದ್ದಾಗ ಫೋನು ಬಂತು. ತಮ್ಮನ ಹೆಂಡತಿ. "ಅತ್ತಿಗೆ, ಇವತ್ತೇ ಕರೆಸಿದ್ದಾರೆ. ನೀವು ಬೇಗ ಬನ್ನಿ" ಎಂದವಳು ಇಟ್ಟುಬಿಟ್ಟಳು. ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ತಿರುಗಿ ಮಾಡಿದರೆ ಎತ್ತಲಿಲ್ಲ.

ಒಂದು ದಿನ ಮೊದಲೇ ಯಾಕೆ ಕರೆಸುತ್ತಾರೆ? ಒಳ್ಳೆಯ ಸುದ್ದಿಯನ್ನು ಫೋನಿನಲ್ಲೇ ಹೇಳುವುದಿಲ್ಲವೇ? ಸೀಟು ಬದಲಾಯಿಸಿಕೊಳ್ಳೋಣ, ನಾನು ಓಡಿಸುತ್ತೇನೆ ಎನ್ನಬೇಕಿತ್ತು. ಬಾಯಿಂದ ಬಂದದ್ದು, "ಟೈಲರಮ್ಮ, ಆಸ್ಪತ್ರೆಗೆ" ಎಂದಷ್ಟೇ.

ಆ ಹೆಂಗಸು ಹಲ್ಲು ಕಚ್ಚಿಕೊಂಡು ಓಡಿಸಿದರು. ವೃತ್ತ ದಾಟಿದರು, ಲಾರಿಯೊಂದನ್ನು ಬಲಗಡೆಯಿಂದ ಹಿಂದೆ ಹಾಕಿದರು, ಏರಿನ ಸಿಗ್ನಲ್ಲಿನಲ್ಲಿ ನಿಂತು ಹೊರಟರು, ಒಂದು ಸಲವೂ ಆಫ್ ಆಗಲಿಲ್ಲ. ನನ್ನ ಕಾಲು ನನ್ನ ಬದಿಯ ಬ್ರೇಕಿನ ಮೇಲೆ ಇರಲೇ ಇಲ್ಲ ಎಂಬುದು ಈಗ ಬರೆಯುವಾಗ ನೆನಪಾಗುತ್ತಿದೆ. ಟೈಲರಮ್ಮ, ನಿಮಗೆ ಪುಣ್ಯ ಬರಲಿ.

ಆಸ್ಪತ್ರೆಯ ಮುಂದೆ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ಬಂತು ಕಾರು. ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದುಬಿಟ್ಟೆ. ಮುಗ್ಗರಿಸಿ, ಮೊಣಕಾಲು ನೆಲಕ್ಕೆ ತಾಗಿ, ಎದ್ದು, ಓಡಿದೆ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.

ಮೇಲಿನ ಕಾರಿಡಾರಿನ ಕಿಟಕಿಯ ಹತ್ತಿರ ತಮ್ಮ ನಿಂತಿದ್ದ. ನಾನು ಬರುವ ದಾರಿ ಕಾಯುತ್ತಾ ಅಲ್ಲೇ ನಿಂತಿದ್ದನಂತೆ, ನಾನು ಇಳಿದದ್ದನ್ನು ಮೇಲಿನಿಂದಲೇ ನೋಡಿದ್ದ. ಮುಖ ಕೆಂಪೇರಿತ್ತು. ನನ್ನನ್ನು ಕಂಡವನೇ ಮಾಸ್ಕು ಕೆಳಗೆಳೆದು ಶುರು ಮಾಡಿದ.

"ಏನಕ್ಕ ನಿಂಗೆ, ತಲೇಲಿ ಮಿದುಳಿದೆಯಾ ಮಣ್ಣಿದೆಯಾ? ಓಡ್ತಿರೋ ಕಾರಿಂದ ಯಾರಾದ್ರೂ ಇಳೀತಾರಾ? ಊರಿಗೆಲ್ಲ ಡ್ರೈವಿಂಗ್ ಹೇಳ್ಕೊಡೋಳು ನೀನು, ಚಕ್ರದ ಕೆಳಗೆ ಸಿಕ್ಕಿದ್ರೆ ಏನು ಮಾಡ್ಬೇಕಿತ್ತು ನಾನು? ನಿನ್ನ ರಕ್ತ ನಂಬ್ಕೊಂಡು ಇಲ್ಲಿ ಒಬ್ಬ ಬದುಕಿದ್ದಾನೆ ಅನ್ನೋ ಜ್ಞಾನ ಬೇಡ್ವಾ? ಅದೂ ಆಂಬುಲೆನ್ಸ್ ಬರೋ ಜಾಗದಲ್ಲಿ, ಪಾಪ ಆ ಟೈಲರಮ್ಮನ್ನ ಒಬ್ಬರನ್ನೇ ಬಿಟ್ಟು. ಮೊಣಕಾಲು ನೋಡ್ಕೋ, ರಕ್ತ ಬರ್ತಿದೆ, ಕಾಣ್ಸಲ್ವಾ? ಐವತ್ತು ವರ್ಷ ಹತ್ರ ಬಂತು, ಇನ್ನೂ ಬುದ್ಧಿ ಬಂದಿಲ್ಲ ಅಂದ್ರೆ ಯಾವಾಗ ಬರುತ್ತೆ ನಿಂಗೆ?"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವನ ಹಿಂದೆ ಶೇಕಡಾ ಮೇಡಂ ಕೈಯಲ್ಲಿ ಕಾಗದ ಹಿಡಿದು, ತನ್ನ ಸರದಿ ಬರಲಿ ಎಂದು ನಿಂತಿದ್ದಳು. ಅವನ ಹೆಂಡತಿ ಗೋಡೆಗೆ ಒರಗಿ ಅಳುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಅಳುತ್ತಲೇ ತಲೆ ಅಲ್ಲಾಡಿಸಿ, "ನೂರು, ಅತ್ತಿಗೆ" ಎಂದಳು. "ನೂರು."

ತಮ್ಮ ಇನ್ನೂ ಬೈಯುತ್ತಿದ್ದ. ಹುಟ್ಟಿ ನಲವತ್ತೊಂದು ವರ್ಷಕ್ಕೆ ಇದೇ ಮೊದಲು. ಅಷ್ಟೆಲ್ಲ ಬೈಯುವಾಗ ಉಸಿರಿಗೆಂದು ಅವನು ಎಲ್ಲೂ ನಿಲ್ಲಲಿಲ್ಲ. ಅವನಾಗಿ ಮುಗಿಸುವವರೆಗೆ ನಾನು ಅಡ್ಡ ಮಾತಾಡದೆ ಎದುರಿಗೆ ನಿಂತು ಕೇಳಿದೆ.